ಹೊಲದ ಮನೆಗೆ ಬಚ್ಚಲು ಮತ್ತು ಗೊಬ್ಬರ ಶೌಚಾಲಯ

(ಗ್ರಾಮ ಪಂಚಾಯತಿ ಸದಸ್ಯರು, ಸ್ವಸಹಾಯ ಸಂಘಗಳ ಸದಸ್ಯೆಯರು ಹಾಗೂ ಗವಂಡಿಗಳನ್ನು ಉದ್ದೇಶಿಸಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರು ಹುಲಕೋಟಿಯಲ್ಲಿ ಮಾಡಿದ ಭಾಷಣದ ಪಠ್ಯ)



ಊರೊಳಗಿನ ಮನೆಗಳ ಶೌಚಾಲಯದ ಕುರಿತು ಹಲವು ಸಭೆಗಳಲ್ಲಿ ಚರ್ಚಿಸಿದ್ದೇವೆ. ಹೊಲದಲ್ಲಿ ಮನೆ ಕಟ್ಟಿಕೊಂಡವರ ಕುರಿತು ಮಾತನಾಡಿದ್ದು ಕಡಿಮೆ. ಅಲ್ಲಿಗೆ ನಳದ ನೀರು ತಲುಪಿಲ್ಲ, ಚರಂಡಿಯಿಲ್ಲ. ಉಳ್ಳಾಗಡ್ಡಿ ಕೀಳುವ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಅದೇ ಹೊಲಕ್ಕೆ ಹತ್ತಾರು ಹೆಣ್ಣುಮಕ್ಕಳು ಕೂಲಿಗೆ ಬರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಅವರಿಗೊಂದು ಮರೆಯಿಲ್ಲ. ಆ ಕಾರಣಕ್ಕಾಗಿಯೇ ಬಿಸಿಲಿನಲ್ಲಿಯೂ ನೀರು ಕುಡಿಯದೆ ದುಡಿಯುವ ತಾಯಂದಿರು ಈ ಸಭೆಯಲ್ಲಿಯೇ ಇದ್ದಾರೆ.

ನಾನು ಇಂಜಿನಿಯರಿಂಗ್ ಓದಿದವನು. ಆದರೂ ಈ ವಿಷಯದ ಮೊದಲ ಪಾಠವನ್ನು ತಪ್ಪು ಮಾಡಿಯೇ ಕಲಿತೆ. ಹಿಂದೆ ಸೇವೆಯಲ್ಲಿದ್ದ ಒಂದು ಊರಿನಲ್ಲಿ, ಏಪ್ರಿಲ್ ತಿಂಗಳಿನಲ್ಲಿ, ಎರೆಹೊಲದಲ್ಲಿ ಗುಂಡಿ ತೋಡಿಸಿ ನೀರು ಸುರಿದು ಪರೀಕ್ಷಿಸಿದೆ. ನೋಡುತ್ತಿದ್ದಂತೆಯೇ ನೀರು ಇಂಗಿತು. ನೆಲ ಯೋಗ್ಯವೆಂದು ವರದಿ ಬರೆದು ಅವಳಿ ಗುಂಡಿಯ ಶೌಚಾಲಯ ಕಟ್ಟಿಸಿದೆ. ಸೆಪ್ಟೆಂಬರಿನ ಮಳೆಗೆ ಗುಂಡಿ ತುಂಬಿ, ನೀರು ಹಿಂದಿರುಗಿ ಬೇಸಿನ್ನಿನಲ್ಲಿ ನಿಂತಿತು. ಆ ಮನೆಯ ಅಜ್ಜಿ ನನ್ನನ್ನು ಬೈಯಲಿಲ್ಲ. ಚಂಬು ಹಿಡಿದು ಮತ್ತೆ ಬಯಲಿಗೆ ಹೊರಟರು. ಬೈದಿದ್ದರೆ ಚೆನ್ನಾಗಿತ್ತು.

ಕಾರಣ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ನಾನು ಅಳೆದದ್ದು ಬಿರುಕಿನೊಳಗೆ ನೀರು ಓಡುವ ವೇಗವನ್ನು. ಗುಂಡಿಯನ್ನು ಹಿಂದಿನ ದಿನವೇ ನೀರಿನಿಂದ ನೆನೆಸಿ, ಮಣ್ಣು ಉಬ್ಬಿದ ಬಳಿಕ ಅಳೆಯಬೇಕಾಗಿತ್ತು. ಮಸಾರಿ ಅಥವಾ ಗರಸು ನೆಲದಲ್ಲಿ ಅವಳಿ ಗುಂಡಿಯೇ ಉತ್ತಮ, ಅದನ್ನು ಕೈಬಿಡಬೇಕಿಲ್ಲ. ನೀರಿನ ಆಸರೆಯಿಲ್ಲದ ಎರೆಹೊಲಕ್ಕೆ ಮಾತ್ರ ಬೇರೆ ದಾರಿ ಬೇಕು.

ಆ ದಾರಿ ಹೊಸದೇನಲ್ಲ. ವಿಯೆಟ್ನಾಂ ದೇಶದಲ್ಲಿ 1950ರ ದಶಕದಿಂದಲೇ ನೆಲದ ಮೇಲೆ ಎರಡು ಕೋಣೆಗಳ ಒಣ ಶೌಚಾಲಯ ಬಳಕೆಗೆ ಬಂದಿತು. ನಮ್ಮ ಜನ ಶೌಚದ ಬಳಿಕ ನೀರು ಬಳಸುವವರಾದ್ದರಿಂದ ಅದು ಹಾಗೆಯೇ ನಮಗೆ ಒಗ್ಗದು. ಕೇರಳದ ಕಡಲತೀರದಲ್ಲಿಯೂ ತಮಿಳುನಾಡಿನ ಮುಸಿರಿಯಲ್ಲಿಯೂ ತೊಳೆದುಕೊಳ್ಳಲು ಪ್ರತ್ಯೇಕ ಜಾಗವಿಟ್ಟು ಅದನ್ನು ತಿದ್ದಿಕೊಂಡರು. ನಮಗೆ ಬೇಕಾದದ್ದು ಆ ತಿದ್ದಿದ ಮಾದರಿ.

ಗವಂಡಿಗಳು ಗಮನಿಸಬೇಕು. ಮೊದಲು ಪಾಯದ ಎರೆಮಣ್ಣನ್ನು ತೆಗೆದು ಗರಸು ತುಂಬಿ ಧಮ್ಮಸು ಮಾಡಬೇಕು; ಇಲ್ಲವಾದರೆ ಎರಡನೆಯ ಮಳೆಗಾಲಕ್ಕೆ ಗೋಡೆ ಸೀಳುತ್ತದೆ. ಅದರ ಮೇಲೆ, ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿ, ಕಾಂಕ್ರೀಟ್ ತಳ. ತಳದ ಮೇಲೆ ಒಳ ಅಳತೆಯಲ್ಲಿ 4 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಎತ್ತರದ ಎರಡು ಕೋಣೆಗಳು. ಒಂದು ಕೋಣೆ 36 ಘನ ಅಡಿ, ಅಂದರೆ ಸುಮಾರು 1,000 ಲೀಟರ್. ಒಬ್ಬ ವ್ಯಕ್ತಿಯ ವರ್ಷದ ಮಲ ಸುಮಾರು 50 ಲೀಟರ್ ಎಂದು ಲೆಕ್ಕ ಹಾಕುವ ರೂಢಿಯಿದೆ. ರೊಟ್ಟಿ, ಕಾಳು, ಸೊಪ್ಪು ಉಣ್ಣುವ ನಮ್ಮಲ್ಲಿ ಅದು ಹೆಚ್ಚೇ ಆಗುತ್ತದೆ. ಬೂದಿಯನ್ನೂ ಸೇರಿಸಿದರೆ ಐದು ಜನರ ಮನೆಗೆ ಒಂದು ಕೋಣೆ ವರ್ಷಕ್ಕೆ ಸಾಲುತ್ತದೆ. ಮೇಲಿನ ಹಾಸಿನಲ್ಲಿ ಪ್ರತಿ ಕೋಣೆಗೊಂದು ರಂಧ್ರ, ನಡುವೆ ತೊಳೆದುಕೊಳ್ಳುವ ತಗ್ಗು. ಮೂತ್ರವೂ ತೊಳೆದ ನೀರೂ ಬೇರೆ ಕೊಳವೆಗಳಲ್ಲಿ ಹೊರಗೆ ಹೋಗಬೇಕು. ಹಿಂಬದಿಯಲ್ಲಿ ಗೊಬ್ಬರ ತೆಗೆಯುವ ಬಾಗಿಲು; ಪ್ರತಿ ಕೋಣೆಯಿಂದ ಸೂರಿಗಿಂತ ಮೇಲೆ ಹೋಗುವ 4 ಇಂಚಿನ ಗಾಳಿ ಕೊಳವೆ, ಅದರ ಬಾಯಿಗೆ ನೊಣ ತಡೆಯುವ ಜಾಳಿಗೆ.

ಒಂದು ಗೋಡೆಯನ್ನು ಹಂಚಿಕೊಂಡು ಪಕ್ಕದಲ್ಲಿಯೇ ಬಚ್ಚಲು ಕಟ್ಟಬಹುದು. ಬಚ್ಚಲ ನೀರು ಎರೆಯಲ್ಲಿ ಇಂಗುವುದು ನಿಧಾನ. ಆದ್ದರಿಂದ ಅದನ್ನು ಗುಂಡಿಗೆ ಬಿಡದೆ ಆಳವಿಲ್ಲದ ಕಾಲುವೆಯಲ್ಲಿ ಬಾಳೆ, ತೆಂಗಿನ ಪಾತಿಗೆ ಹರಿಸುವುದು ಲೇಸು. ತೊಳೆದ ನೀರಿನ ಕೊಳವೆಯನ್ನೂ ಬಾಳೆಯ ಪಾತಿಗೆ, ಜಲ್ಲಿ ಹಾಸಿನ ಅಡಿಗೆ ಬಿಡಬೇಕು.

ಬಳಕೆಯ ನಿಯಮ ಒಂದೇ: ಕೋಣೆಯೊಳಗೆ ನೀರು ಬೀಳಬಾರದು. ಪ್ರತಿ ಸಲ ಒಂದು ಬೊಗಸೆ ಒಲೆಯ ಬೂದಿ ಅಥವಾ ಒಣಮಣ್ಣು ಹಾಕಿದರೆ ವಾಸನೆ ಬರುವುದಿಲ್ಲ. ತಿಳಿಯದೆ ಯಾರಾದರೂ ಒಂದು ಚಂಬು ನೀರು ಸುರಿದರೆ ವಾಸನೆಯೂ ಹುಳುವೂ ಖಂಡಿತ. ಬೀಗರು ಬಂದಾಗ, ಕೂಲಿಯವರು ಬಂದಾಗ, ಮನೆಯವರೇ ಒಮ್ಮೆ ತೋರಿಸಿಕೊಡುವುದರಲ್ಲಿ ಸಂಕೋಚ ಬೇಡ. ಬೂದಿಯ ಡಬ್ಬಿ ಖಾಲಿಯಾದ ದಿನ ಈ ಶೌಚಾಲಯ ಕೆಟ್ಟಂತೆಯೇ.

ಒಂದು ಕೋಣೆ ತುಂಬಿದ ದಿನ ಅದರ ರಂಧ್ರವನ್ನು ಕಲ್ಲಿನಿಂದ ಮುಚ್ಚಿ, ಹಿಂಬಾಗಿಲಿನ ಮೇಲೆ ಬಣ್ಣದಲ್ಲಿ ತಾರೀಖು ಬರೆಯಬೇಕು. ಈ ತಾರೀಖನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮಂತಹ ಬೆಚ್ಚನೆಯ ಪ್ರದೇಶದಲ್ಲಿ ಮುಚ್ಚಿದ ಮಲವನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಬಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಹೇಳುತ್ತದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯೂ ಇದನ್ನೇ ಮುಟ್ಟುತ್ತದೆ: ಪೂರ್ತಿ ಕಳಿಯುವ ಮೊದಲೇ ಮಲವನ್ನು ಮನುಷ್ಯರ ಕೈಯಿಂದ ತೆಗೆಸಬೇಕಾಗುವ ಶೌಚಾಲಯವು ಕಾನೂನಿನ ದೃಷ್ಟಿಯಲ್ಲಿ ಅನೈರ್ಮಲ್ಯ ಶೌಚಾಲಯ. ಅವಸರಪಟ್ಟು ಆರು ತಿಂಗಳಿಗೇ ಬಾಗಿಲು ತೆರೆದರೆ, ಗೊಬ್ಬರದ ಹೆಸರಿನಲ್ಲಿ ನಾವು ಅದೇ ಹಳೆಯ ಪದ್ಧತಿಯನ್ನು ಮರಳಿ ತಂದಂತಾಗುತ್ತದೆ. 2010ರಲ್ಲಿ ನೆರೆಯ ಸವಣೂರಿನಲ್ಲಿ ಆ ಕೆಲಸಕ್ಕೆ ಕಟ್ಟುಬಿದ್ದ ಕುಟುಂಬದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನು ನಮ್ಮ ಭಾಗದವರು ಮರೆತಿರಲಾರರು. ಆದ್ದರಿಂದ ಗೊಬ್ಬರ ತೆಗೆಯಲು ಯಾವ ಓಣಿಯವರನ್ನೂ ಕರೆಯುವಂತಿಲ್ಲ. ಮನೆಯ ಯಜಮಾನರೇ ಸಲಿಕೆ ಹಿಡಿಯಬೇಕು. ಅವಧಿ ತುಂಬಿದ್ದರೆ ಒಳಗಿರುವುದು ಕಪ್ಪು ಮಣ್ಣು. ಕೈ ಹಿಂಜರಿಯುವಂತಿದ್ದರೆ ಅವಧಿ ತುಂಬಿಲ್ಲವೆಂದೇ ತಿಳಿದು ಬಾಗಿಲು ಮುಚ್ಚಿರಿ.

ಹಿರಿಯರೊಬ್ಬರು ಮೈಲಿಗೆಯ ಪ್ರಶ್ನೆ ಎತ್ತಿದ್ದಾರೆ. ತಿಪ್ಪೆಗುಂಡಿಯನ್ನು ವರ್ಷಕ್ಕೊಮ್ಮೆ ಹೊಲಕ್ಕೆ ಹೇರುವ ನಮಗೆ, ಕೊಳೆತದ್ದು ಮಣ್ಣಾಗುತ್ತದೆಂಬುದನ್ನು ಯಾರೂ ಕಲಿಸಬೇಕಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಮೂತ್ರವನ್ನು ಮೆಕ್ಕೆಜೋಳ, ಬಾಳೆಗಳಿಗೆ ಗೊಬ್ಬರವಾಗಿ ಕೊಟ್ಟು ಸಂಶೋಧನೆಯೂ ನಡೆದಿದೆ. ಆದರೂ ಎಚ್ಚರಿಕೆಗಾಗಿ ಈ ಗೊಬ್ಬರವನ್ನು ಉಳ್ಳಾಗಡ್ಡಿಗೂ ಹಸಿಯಾಗಿ ತಿನ್ನುವ ಸೊಪ್ಪಿಗೂ ಹಾಕದೆ, ಮರದ ಬುಡದಲ್ಲಿ ಹೂಳುವುದು ಸರಿ. ಬೆಳೆಗೆ ಎಷ್ಟು ಹಾಕಬೇಕೆಂಬುದನ್ನು ನಮ್ಮೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಖರ್ಚಿನ ಮಾತು. ಸ್ವಚ್ಛ ಭಾರತ ಅಭಿಯಾನದಲ್ಲಿ ಅರ್ಹ ಕುಟುಂಬಕ್ಕೆ ದೊರೆಯುವ ಪ್ರೋತ್ಸಾಹಧನ 12,000 ರೂಪಾಯಿ. ಎರಡು ಕೋಣೆಗಳ ಈ ಕಟ್ಟಡಕ್ಕೆ ಅದು ಪೂರ್ತಿ ಸಾಲದು. ಈ ಮಾದರಿಗೆ ಲಿಖಿತ ಒಪ್ಪಿಗೆ ಪಡೆಯದೆ ಯಾರೂ ಪಾಯ ತೋಡಬಾರದೆಂದು ವಿನಂತಿಸುತ್ತೇನೆ. ಆಮೇಲೆ ಬಿಲ್ಲು ನಿಂತರೆ ನಿಮಗೂ ಕಷ್ಟ, ನನಗೂ ಕಷ್ಟ. ನಕ್ಷೆಯ ಪ್ರತಿಗಳು ಮೇಜಿನ ಮೇಲಿವೆ. ಗವಂಡಿಗಳು ಮೊದಲು ತೆಗೆದುಕೊಳ್ಳಲಿ. ಪ್ರಶ್ನೆಗಳನ್ನು ತಾಯಂದಿರಿಂದ ಆರಂಭಿಸೋಣ.