ಹಳೆಯ ಡೆಸ್ಕ್‌ಟಾಪ್, ಹೊಸ ಲ್ಯಾಪ್‌ಟಾಪ್: ಯಾವುದರ ಪ್ರೊಸೆಸರ್ ಮೇಲು?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಪಾಠ ಮಾಡುವ ಮೇಷ್ಟ್ರು, ಇಂಜಿನಿಯರ್ ಅಲ್ಲ. ಆದರೂ ಈ ವಿಷಯ ನನ್ನ ಪಾಲಿಗೆ ಬಂದದ್ದಕ್ಕೆ ಕಾರಣವಿದೆ. ಸಂಘಕ್ಕೆ ದಾನವಾಗಿ ಬಂದ ಹಳೆಯ ಡೆಸ್ಕ್‌ಟಾಪ್‌ಗಳನ್ನು ಗುಜರಿಗೆ ಹಾಕಿ, ಕಡಿಮೆ ಬೆಲೆಯ ಹೊಸ ಲ್ಯಾಪ್‌ಟಾಪ್‌ಗಳನ್ನು ತರೋಣ ಎಂಬ ಸಲಹೆ ಸಭೆಯ ಮುಂದಿದೆ. ಇತ್ತ ಪೋಷಕರು, ಮಗಳು ಕಾಲೇಜಿಗೆ ಸೇರಿದಳು, ಯಾವ ಲ್ಯಾಪ್‌ಟಾಪ್ ಕೊಡಿಸೋಣ ಎಂದು ಕೇಳುತ್ತಾರೆ. ಕೆಲವರು ಸಾಲ ಮಾಡಿ, ಕೆಲವರು ಒಡವೆ ಅಡವಿಟ್ಟು ಕೊಡಿಸುತ್ತಾರೆ. ಹೊಸದೆಂದರೆ ವೇಗ ಎಂಬ ನಂಬಿಕೆಯ ಮೇಲೆ ಈ ಹಣವೆಲ್ಲ ಹೋಗುತ್ತಿದೆ. ಆ ನಂಬಿಕೆ ಅರ್ಧ ಮಾತ್ರ ನಿಜ.

ನಮ್ಮ ಜಿಲ್ಲೆಯಲ್ಲಿ ಆಲೆಮನೆ ನೋಡದವರಿಲ್ಲ. ಗಾಣ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದೇ ಪ್ರೊಸೆಸರ್‌ನ ಗಿಗಾಹರ್ಟ್ಸ್. ಒಂದು ಸುತ್ತಿಗೆ ಎಷ್ಟು ಕಬ್ಬು ಅರೆಯುತ್ತದೆ ಎಂಬುದು ಅದರ ವಿನ್ಯಾಸ. ಒಂದೇ ಆಲೆಮನೆಯಲ್ಲಿ ಎಷ್ಟು ಗಾಣಗಳಿವೆ ಎಂಬುದು ಕೋರ್‌ಗಳ ಸಂಖ್ಯೆ. ಗಾಣದ ಪಕ್ಕ ಕಬ್ಬು ರಾಶಿ ಹಾಕುವ ಜಾಗ ರ‍್ಯಾಮ್; ಗದ್ದೆಯಿಂದ ಕಬ್ಬು ತರುವ ಗಾಡಿ ಹಾರ್ಡ್‌ಡಿಸ್ಕ್. ಗಾಡಿ ತಡವಾದರೆ ಗಾಣ ಎಷ್ಟೇ ದೊಡ್ಡದಿದ್ದರೂ ಸುಮ್ಮನೆ ನಿಂತಿರುತ್ತದೆ. ಈ ಕೋರ್‌ಗಳ ವಿದ್ಯೆ ದೂರದೇಶದ್ದು ಮಾತ್ರ ಎಂದು ಮಕ್ಕಳು ತಿಳಿಯಬಾರದು. 2008ರಲ್ಲಿ ಇಂಟೆಲ್ ಕಂಪನಿ ಹೊರತಂದ 6 ಕೋರ್‌ಗಳ ಝಿಯಾನ್ 7400 ಪ್ರೊಸೆಸರ್ ವಿನ್ಯಾಸಗೊಂಡದ್ದು ನಮ್ಮ ಬೆಂಗಳೂರಿನಲ್ಲಿಯೇ.

ಈಗ ಎರಡು ಪ್ರೊಸೆಸರ್‌ಗಳನ್ನು ಎದುರುಬದುರು ಇಡೋಣ. ಒಂದು ಕೋರ್ ಐ5-2400. ಇದು 2011ರ ಡೆಸ್ಕ್‌ಟಾಪ್ ಪ್ರೊಸೆಸರ್. 4 ಕೋರ್, 3.1 ಗಿಗಾಹರ್ಟ್ಸ್, 95 ವಾಟ್ ದರ್ಜೆ. ಕಚೇರಿಗಳು ತೆಗೆದುಹಾಕುವ ಯಂತ್ರಗಳಲ್ಲಿ ಇಂಥವು ಬಹಳ ಸಿಗುತ್ತವೆ. ಇನ್ನೊಂದು ಸೆಲೆರಾನ್ ಎನ್4020. 2019ರ ಕೊನೆಯಲ್ಲಿ ಬಂದದ್ದು. 2 ಕೋರ್, 1.1 ಗಿಗಾಹರ್ಟ್ಸ್, ಅವಸರಕ್ಕೆ 2.8ರವರೆಗೆ ಏರುತ್ತದೆ, 6 ವಾಟ್ ದರ್ಜೆ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಬಹಳ ಹಾಕಿದ್ದಾರೆ. ಇವೆರಡರಲ್ಲಿ ಗೆಲ್ಲುವುದು ಎಂಟು ವರ್ಷ ಹಳೆಯದೇ. ಒಂದೇ ಕೋರ್ ಬಳಸುವ ಕೆಲಸದಲ್ಲೂ ಮುಂದೆ, ನಾಲ್ಕೂ ಕೋರ್ ದುಡಿಯುವ ಕೆಲಸದಲ್ಲಂತೂ ಬಹಳ ಮುಂದೆ.

ಹಾಗಾದರೆ ಲ್ಯಾಪ್‌ಟಾಪ್ ಎಂದರೆ ಕಡಿಮೆ ಎಂದು ತೀರ್ಮಾನಿಸಬೇಡಿ. 2020ರ ಕೋರ್ ಐ5-1135ಜಿ7 ಎಂಬ ಲ್ಯಾಪ್‌ಟಾಪ್ ಪ್ರೊಸೆಸರ್‌ನಲ್ಲೂ 4 ಕೋರ್‌ಗಳೇ ಇವೆ. ಅದರ ದರ್ಜೆ 12ರಿಂದ 28 ವಾಟ್. ಆದರೂ ಎಲ್ಲ ಕೋರ್‌ಗಳೂ ದುಡಿಯುವ ಪರೀಕ್ಷೆಗಳಲ್ಲಿ ಅದು ಐ5-2400ರ ಎರಡು ಪಟ್ಟು ಮೀರಿ ಕೆಲಸ ಮಾಡುತ್ತದೆ. ಸುತ್ತಿಗೆ ಅರೆಯುವ ಕಬ್ಬು ಹೆಚ್ಚಾಯಿತು, ಖರ್ಚು ಇಳಿಯಿತು. ಇನ್ನೂ ಆಶ್ಚರ್ಯವೆಂದರೆ 2023ರಲ್ಲಿ ಬಂದ ಎನ್100. ಸೆಲೆರಾನ್‌ನಂತೆ ಇದೂ 6 ವಾಟ್ ದರ್ಜೆಯದೇ. ಆದರೆ 4 ಕೋರ್‌ಗಳಿದ್ದು, ಸಾಮಾನ್ಯವಾಗಿ ಆ ಹಳೆಯ 95 ವಾಟಿನ ಯಂತ್ರವನ್ನೇ ಹಿಂದೆ ಹಾಕುತ್ತದೆ.

ಹೆಸರಿನ ಮೇಲೂ ನಂಬಿಕೆ ಇಡುವಂತಿಲ್ಲ. ಐ7 ಎಂದರೆ ಐ5ಕ್ಕಿಂತ ದೊಡ್ಡದು ಎಂದು ಅಂಗಡಿಯಲ್ಲಿ ಹೇಳುತ್ತಾರೆ. 2016ರ ಲ್ಯಾಪ್‌ಟಾಪ್ ಐ7-7500ಯು ತೆಗೆದುಕೊಳ್ಳಿ. ಅದರಲ್ಲಿರುವುದು 2 ಕೋರ್; ಒಟ್ಟು ದುಡಿಮೆಯಲ್ಲಿ ಐದು ವರ್ಷ ಹಿಂದಿನ ನಮ್ಮ ಐ5 ಡೆಸ್ಕ್‌ಟಾಪ್‌ಗೆ ಹೆಚ್ಚುಕಡಿಮೆ ಸಮ. ಬಳಸಿದ ಲ್ಯಾಪ್‌ಟಾಪ್ ಕೊಳ್ಳುವವರು ಇದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು.

ಇನ್ನು ಬಿಸಿಯ ಮಾತು. ತೆಳುವಾದ ಲ್ಯಾಪ್‌ಟಾಪ್‌ನಲ್ಲಿ ಬಿಸಿ ಹೊರಹೋಗಲು ಜಾಗ ಕಡಿಮೆ. ಮೊದಲ ಒಂದೆರಡು ನಿಮಿಷ ಓಡಿ, ಆಮೇಲೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಬರೆಯುವ 4.2 ಗಿಗಾಹರ್ಟ್ಸ್ ಆ ಮೊದಲ ಓಟದ ಲೆಕ್ಕ. ಡೆಸ್ಕ್‌ಟಾಪ್‌ನ ದೊಡ್ಡ ಫ್ಯಾನು ಧೂಳು ಕಟ್ಟಿರದಿದ್ದರೆ ಗಂಟೆಗಟ್ಟಲೆ ಒಂದೇ ಹದದಲ್ಲಿ ದುಡಿಯುತ್ತದೆ. ಆದರೆ ಕರೆಂಟು ಹೋದರೆ? ಹಳ್ಳಿಯ ಮನೆಯಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆ ಕ್ಷಣವೇ ಆರಿಹೋಗುತ್ತದೆ, ಬರೆದ ಉತ್ತರವೂ ಹೋಗುತ್ತದೆ. ಹಾಸ್ಟೆಲಿಗೆ ಹೊತ್ತೊಯ್ಯಲೂ ಆಗದು. ಆದ್ದರಿಂದ ಹೊರಗೆ ಇದ್ದು ಓದುವ ಹುಡುಗಿಗೆ ಲ್ಯಾಪ್‌ಟಾಪೇ ಸರಿ. ಅದು ಎನ್4020 ಆಗದಿರಲಿ ಎಂಬುದಷ್ಟೇ ನನ್ನ ಮಾತು. ಇಂಥ ಅಗ್ಗದ ಯಂತ್ರಗಳಲ್ಲಿ ಅನೇಕ ಕಡೆ 4 ಜಿಬಿ ರ‍್ಯಾಮನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ.

ನ್ಯಾಯವಾಗಿ ಸೆಲೆರಾನ್ ಪರವಾಗಿಯೂ ಒಂದು ಮಾತು ಹೇಳಬೇಕು. ಯೂಟ್ಯೂಬ್ ಪಾಠಗಳು ಬರುವ ವಿಪಿ9 ಮಾದರಿಯ ವಿಡಿಯೊ ಬಿಡಿಸಲು ಅದರಲ್ಲಿ ಪ್ರತ್ಯೇಕ ಭಾಗವಿದೆ. 2011ರ ಐ5ರಲ್ಲಿ ಅದಿಲ್ಲ. ಕೋರ್‌ಗಳೇ ಆ ಕೆಲಸವನ್ನೂ ಹೊರಬೇಕು, ಹೊರುತ್ತವೆ. ಇನ್ನೊಂದು ತೊಡಕು ವಿಂಡೋಸ್‌ನದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಕೋರ್ ಪ್ರೊಸೆಸರ್‌ಗಳಲ್ಲಿ 8ನೇ ತಲೆಮಾರಿಗಿಂತ ಹಳೆಯವನ್ನು ಹೆಚ್ಚುಕಡಿಮೆ ಹೊರಗಿಟ್ಟಿದ್ದಾರೆ. ನಮ್ಮ ಡೆಸ್ಕ್‌ಟಾಪ್ 2ನೇ ತಲೆಮಾರಿನದು. ಗುಜರಿಗೆ ಹಾಕಿ ಎನ್ನುವವರ ಗಟ್ಟಿಯಾದ ವಾದ ಇದೊಂದೇ. ಅದಕ್ಕೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಇದೆ, ಎರಡೂ ಉಚಿತ. ಅವುಗಳಲ್ಲಿ ಕನ್ನಡವನ್ನೂ ಉರ್ದುವನ್ನೂ ಯೂನಿಕೋಡ್‌ನಲ್ಲಿ ಟೈಪ್ ಮಾಡಬಹುದು. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಅವರು ನೂರಿ ನಸ್ತಾಲೀಕ್ ರೂಪಿಸಿದಾಗ ಅದರ ಸಾವಿರಾರು ಕೂಡಕ್ಷರಗಳಿಗೆ ದೊಡ್ಡ ಮುದ್ರಣ ಯಂತ್ರವೇ ಬೇಕಿತ್ತು. ಇಂದು ನಸ್ತಾಲೀಕ್ ಪುಟ ಜೋಡಿಸುವುದು ಆ ಹಳೆಯ ಐ5ಕ್ಕೆ ಲೆಕ್ಕಕ್ಕೇ ಇಲ್ಲ.

ಆದ್ದರಿಂದ ಸಭೆಗೆ ನನ್ನ ಕೋರಿಕೆ ಇಷ್ಟು. 4 ಕೋರ್ ಇರುವ ಡೆಸ್ಕ್‌ಟಾಪ್‌ಗಳನ್ನು ಮಾರಬೇಡಿ. ಹಳೆಯ ತಿರುಗುವ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿ. ಎತ್ತಿನಗಾಡಿಯ ಬದಲು ಲಾರಿ ಬಂದಂತಾಗುತ್ತದೆ. ಅವು ನಾಲ್ಕು ತಾಲ್ಲೂಕುಗಳ ಓದುವ ಕೊಠಡಿಗಳಲ್ಲಿ ಇರಲಿ. 2 ಕೋರ್‌ನ ಅದಕ್ಕಿಂತ ಹಳೆಯವು ಗುಜರಿಗೆ ಹೋಗಲಿ, ನನ್ನ ತಕರಾರಿಲ್ಲ. ಲ್ಯಾಪ್‌ಟಾಪ್‌ಗಾಗಿ ಇಟ್ಟ ಹಣದಲ್ಲಿ ಸಂಖ್ಯೆ ಕಡಿಮೆಯಾದರೂ ಒಳ್ಳೆಯ ಪ್ರೊಸೆಸರ್ ಇರುವವನ್ನೇ ಕೊಂಡು, ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಕೊಡೋಣ.

ನನ್ನ ಮಾತನ್ನೇ ನಂಬಬೇಕಾಗಿಲ್ಲ. 7-ಜಿಪ್ ಎಂಬ ಉಚಿತ ತಂತ್ರಾಂಶದಲ್ಲಿ ಬೆಂಚ್‌ಮಾರ್ಕ್ ಎಂಬ ಪರೀಕ್ಷೆ ಇದೆ. ಒಂದು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಎರಡನ್ನೂ ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇನೆ. ಚಹಾ ವಿರಾಮದಲ್ಲಿ ವಿದ್ಯಾರ್ಥಿಗಳು ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ, ಮೊದಲ ನಿಮಿಷದ ಅಂಕವನ್ನೂ ಕೊನೆಯ ನಿಮಿಷದ ಅಂಕವನ್ನೂ ಹಲಗೆಯ ಮೇಲೆ ಬರೆಯಲಿ. ಮತದಾನ ಆಮೇಲೆ ನಡೆಯಲಿ.