ಮನೆ ಬಿಚ್ಚಿ ಸಾಗಿಸುವ ಕೆಲಸ

ಮಲೆನಾಡಿನಲ್ಲಿ ಮನೆ ಬದಲಿಸುವವನು ಎಷ್ಟೋ ಸಲ ಮನೆಯನ್ನೇ ಬಿಚ್ಚಿ ಹೊತ್ತೊಯ್ಯಬೇಕಾಗುತ್ತದೆ. ತುಂಗೆಯ ದಂಡೆಯ ಸಕ್ರೆಬೈಲನ್ನು ಹೊರಗಿನವರು ಆನೆ ಬಿಡಾರದಿಂದ ಬಲ್ಲರು. ಶಿವಮೊಗ್ಗದ ಈ ಕಾಡಂಚನ್ನು ಕಂಡಾಗಲೆಲ್ಲ ನನಗೆ ನೆನಪಾಗುವವರು ಶರಾವತಿ ಕಣಿವೆಯಿಂದ ಎದ್ದು ಬಂದ ಸಂಸಾರಗಳವರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ನೀರಿನಡಿಯಾದವು. ಅಲ್ಲಿಂದ ಎದ್ದವರಲ್ಲಿ ಅನೇಕರಿಗೆ ಶಿವಮೊಗ್ಗ, ಭದ್ರಾವತಿ ಕಡೆಯ ಕಾಡುಗಳ ಮಗ್ಗುಲು ನೆಲೆಯಾಯಿತು. ಆ ಮುಳುಗಡೆಯ ಬದುಕನ್ನು ನಾ. ಡಿಸೋಜ ಅವರು ಕಾದಂಬರಿಗಳಲ್ಲಿ ಚಿತ್ರಿಸಿದ್ದಾರೆ.

ಇಂಥ ಸಾಗಾಟಕ್ಕೆ ಒಂದು ಕ್ರಮವುಂಟು. ಮೊದಲು ಹೆಂಚು ಇಳಿಸಬೇಕು; ಆಮೇಲೆ ರೀಪು, ಪಕಾಸಿ, ತೊಲೆ. ಮತ್ತೆ ಜೋಡಿಸುವಾಗ ತಪ್ಪದಂತೆ ಒಂದೊಂದಕ್ಕೂ ಗುರುತು ಹಾಕಬೇಕು. ಲಾರಿಯಲ್ಲಿ ಒರಳುಕಲ್ಲು ತಳಕ್ಕೆ, ಹುಲ್ಲಿನ ನಡುವೆ ಹೆಂಚು, ಬೀಜದ ಬತ್ತ ನೆನೆಯದ ಹಾಗೆ ಮೇಲಕ್ಕೆ. ಲಾರಿ ಅಂಗಳಕ್ಕೆ ಬಾರದ ಊರಿನಲ್ಲಿ ರಸ್ತೆಯವರೆಗೆ ಹೊರುವುದೇ ದೊಡ್ಡ ಕೆಲಸ. ಇಂದು ಅದಕ್ಕೆ ಪೇಟೆಯಿಂದ ಆಳು, ವಾಹನ ಎರಡೂ ಬಾಡಿಗೆಗೆ ದೊರೆಯುತ್ತವೆ. ಹಿಂದೆ ಇದ್ದದ್ದು ಮುಯ್ಯಾಳು: ಇಂದು ನನ್ನ ತೊಲೆಗೆ ನಿನ್ನ ಹೆಗಲು, ನಾಳೆ ನಿನ್ನ ತೊಲೆಗೆ ನನ್ನದು. ಆದರೆ ಊರಿಗೆ ಊರೇ ಏಳುವಾಗ, ನೆರೆಯವರೆಲ್ಲ ದಿಕ್ಕಿಗೊಬ್ಬರಾಗಿ ಹೋಗುವಾಗ, ಮುಯ್ಯಿ ತೀರಿಸುವುದು ಯಾರಿಗೆ?

ಸಾಮಾನು ಒಂದೆರಡು ದಿನದಲ್ಲಿ ಇಳಿದೀತು. ಇಳಿದ ನೆಲದ ಹಕ್ಕುಪತ್ರವಾದರೋ ಎಷ್ಟೋ ಮನೆಗಳಿಗೆ ಅರ್ಧ ಶತಮಾನ ಕಳೆದರೂ ಕೈಸೇರಲಿಲ್ಲ. ಆದ್ದರಿಂದ ಮನೆ ಎಬ್ಬಿಸುವವರು, ಎಬ್ಬಿಸಿಸುವವರು, ಪಟ್ಟಿ ಬರೆಯುವಾಗ ಹಂಡೆ ಒರಳುಗಳಿಗಿಂತ ಮೊದಲು ಆ ಕಾಗದವನ್ನು ಬರೆಯಬೇಕೆಂಬುದು ನನ್ನ ಬಿನ್ನಹ.