ಎಂಜಿನ್ನಿನ ನೀರುಗಂಟಿ

ಸಾಸ್ವೆಹಳ್ಳಿಯ ಸುತ್ತ ಗದ್ದೆ ಮಾಡುವವರಿಗೆ ನೀರುಗಂಟಿಯ ಕೆಲಸವೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ತೂಬು ಎಷ್ಟು ಹೊತ್ತು ತೆರೆದಿರಬೇಕು, ಯಾವಾಗ ಮುಚ್ಚಬೇಕು ಎಂಬುದು ಅವನ ಲೆಕ್ಕ. ಇಂದಿನ ಮೋಟಾರ್ ಸೈಕಲ್ಲಿನೊಳಗೂ ಇಂಥ ಒಬ್ಬ ನೀರುಗಂಟಿಯುಂಟು. ಅದೇ ಇ.ಸಿ.ಯು. ಎಂಬ ಪುಟ್ಟ ಗಣಕ. ಅದು ಹಂಚುವುದು ಪೆಟ್ರೋಲನ್ನು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದೀಚೆಗೆ ಬಂದ ಬೈಕುಗಳಲ್ಲಿ ಈ ಕೆಲಸ ಕಾರ್ಬುರೇಟರಿನದಾಗಿತ್ತು. ಬಲ್ಲ ಮೆಕ್ಯಾನಿಕ್ಕು ಸದ್ದು ಕೇಳಿ, ಸ್ಕ್ರೂಡ್ರೈವರಿನಿಂದಲೇ ಅದನ್ನು ಹದಕ್ಕೆ ತರುತ್ತಿದ್ದ. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಇಂಜೆಕ್ಟರೇ ಸಾಮಾನ್ಯವಾಯಿತು. ಈಗ ತಿದ್ದಬೇಕಾದದ್ದು ಸ್ಕ್ರೂವನ್ನಲ್ಲ, ಅಂಕಿಗಳ ಕೋಷ್ಟಕವನ್ನು. ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ, ಆಕ್ಸಿಲರೇಟರ್ ಎಷ್ಟು ತೆರೆದಿದೆ ಎಂಬುದಕ್ಕೆ ತಕ್ಕಂತೆ ಇಂಜೆಕ್ಟರ್ ತೆರೆದಿರಬೇಕಾದ ಕಾಲ ಅದರಲ್ಲಿ ಬರೆದಿರುತ್ತದೆ. ಬೆಂಗಳೂರಿನಲ್ಲಿ ತಯಾರಾಗುವ ಪವರ್‌ಟ್ರಾನಿಕ್‌ನಂಥ ಪೆಟ್ಟಿಗೆಯನ್ನು ಹೊರಗಿನಿಂದ ಜೋಡಿಸಿದರೆ, ಅದು ಮೂಲ ಗಣಕದ ಆಜ್ಞೆಯನ್ನು ನಡುದಾರಿಯಲ್ಲಿ ತಿದ್ದುತ್ತದೆ.

ತಿದ್ದುವುದು ಎಷ್ಟು? ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪೂರ್ಣ ಹೊರೆಯಲ್ಲಿ ಎಂಜಿನ್ನಿಗೆ ಇನ್ನಷ್ಟು ಇಂಧನ ಬೇಕಾಗಿ, ಗಾಳಿಯ ಪ್ರಮಾಣ 13ರ ಆಸುಪಾಸಿಗೆ ಇಳಿಯುತ್ತದೆ. ಇಂಧನ ಕಡಿಮೆಯಾದರೆ ಎಂಜಿನ್ನು ಕಾದು, ಬಡಿದು, ಪಿಸ್ಟನ್ನೇ ಕರಗೀತು. ಹೆಚ್ಚಾದರೆ ಪ್ಲಗ್ಗು ಮಸಿ ಹಿಡಿದೀತು, ಮೈಲೇಜು ಇಳಿದೀತು. ಇನ್ನೊಂದು ಮಾತು: ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಸುಮಾರು 13.5 ಪಾಲು ಗಾಳಿಯೇ ಸಾಕು. ಬೇರೆ ದೇಶದ ಪೆಟ್ರೋಲಿಗೆ ಬರೆದ ಕೋಷ್ಟಕವನ್ನು ಇಲ್ಲಿಯ ಬೈಕಿಗೆ ಹಾಗೆಯೇ ಹಾಕುವುದು ಜಾಣತನವಲ್ಲ.

ಕೆಲಸಕ್ಕೂ ಒಂದು ಕ್ರಮವಿದೆ. ಮೊದಲು ಏರ್ ಫಿಲ್ಟರು, ಪ್ಲಗ್ಗು, ವಾಲ್ವಿನ ಅಂತರಗಳನ್ನು ಸರಿಪಡಿಸಿರಿ. ಸೈಲೆನ್ಸರಿನ ಕೊಳವೆಯಲ್ಲಿ ಸೋರಿಕೆಯಿದ್ದರೆ ಆಮ್ಲಜನಕದ ಸೆನ್ಸರು ಸುಳ್ಳು ಹೇಳುತ್ತದೆ. ಮೂಲ ಕೋಷ್ಟಕದ ಪ್ರತಿಯನ್ನು ಜೋಪಾನವಾಗಿ ತೆಗೆದಿಡಿರಿ. ಅನಂತರ ಎಂಜಿನ್ನು ಕಾದ ಮೇಲೆ, ಡೈನೋ ಎಂಬ ಉರುಳೆಯ ಯಂತ್ರದ ಮೇಲೆ ಬೈಕು ನಿಲ್ಲಿಸಿ, ಹೊಗೆಯನ್ನು ಅಳೆಯುತ್ತಾ ಒಂದೊಂದೇ ಜಾಗದಲ್ಲಿ ಸ್ವಲ್ಪಸ್ವಲ್ಪವೇ ತಿದ್ದಬೇಕು. ಮೊದಲು ಇಂಧನ, ಕಿಡಿ ಹಾರುವ ಕಾಲವನ್ನು ಮುಟ್ಟುವುದು ಕೊನೆಗೆ. ಈ ಪರೀಕ್ಷೆಗೆ ಹೊನ್ನಾಳಿಯ ರಸ್ತೆ ತಕ್ಕ ಸ್ಥಳವಲ್ಲ; ಅಲ್ಲಿ ಶಾಲೆಯ ಮಕ್ಕಳೂ ಟ್ರ್ಯಾಕ್ಟರುಗಳೂ ಓಡಾಡುತ್ತವೆ.

ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯಿದೆ ಅಡ್ಡಿ ಮಾಡುತ್ತದೆ. ಹೊಗೆಯ ಮಿತಿಯನ್ನೂ ಮೀರುವಂತಿಲ್ಲ. ಕಂಪನಿಯ ವಾರಂಟಿಗೂ ಧಕ್ಕೆ ಬರಬಹುದು.

ಸಾಲ ಮಾಡಿ ಕೊಂಡ ಬೈಕು ಮನೆಯವರ ದುಡಿಮೆಗೂ ಆಧಾರ. ಅದು ಬೆಳಗ್ಗೆ ಹಾಲಿನ ಕ್ಯಾನು ಹೊತ್ತು, ಸಂಜೆ ಆಸ್ಪತ್ರೆಗೂ ಓಡಬೇಕು. ಬದಲಾವಣೆ ನಿಜವಾಗಿ ಬೇಕೇ ಎಂದು ಮೊದಲು ಕೇಳಿಕೊಳ್ಳಿರಿ. ಬೇಕೆಂದಾದರೆ ಅಳೆದು ಮಾಡಿರಿ. ನೀರಿನ ಲೆಕ್ಕ ತಪ್ಪಿದರೆ ಒಂದು ಬೆಳೆ ಹೋಗುತ್ತದೆ. ಇಂಧನದ ಲೆಕ್ಕ ತಪ್ಪಿದರೆ ಎಂಜಿನ್ನೇ ಹೋಗುತ್ತದೆ.